ಬುನಾದಿ ಇಲ್ಲದೆ ಸರಿ-ತಪ್ಪು ನಿಲ್ಲುತ್ತದಾ?

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಅಜ್ಜನ ಕಾಲದಲ್ಲಿ ನಮ್ಮೂರ ಹೋಟೆಲಿನಲ್ಲಿ ಕೆಲವರಿಗೆ ಚಹಾದ ಗ್ಲಾಸು ಬೇರೆ ಇಡುತ್ತಿದ್ದರಂತೆ. ಅದು ತಪ್ಪು ಅಂದೆ. ಗೆಳೆಯ ಕೇಳಿದ: ‘ಯಾವ ಆಧಾರದ ಮೇಲೆ? ಸರಿ-ತಪ್ಪು ಕಲ್ಲು-ಮಣ್ಣಿನ ಹಾಗೆ ಲೋಕದಲ್ಲಿ ಬಿದ್ದಿರುವುದಿಲ್ಲ. ಅವರಿಗೆ ಅದು ಸರಿ, ನಿನಗೆ ಇದು ಸರಿ.’ ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ಹುರುಳಿದೆ. ‘ಹೀಗಿದೆ’ ಅಂದ ಮಾತ್ರಕ್ಕೆ ‘ಹೀಗಿರಬೇಕು’ ಅನ್ನುವುದು ಬರುವುದಿಲ್ಲ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಷ್ಟು ಹಿಂದೆಯೇ ಎಚ್ಚರಿಸಿದ್ದರು. 1977ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಜೆ.ಎಲ್. ಮ್ಯಾಕಿ ಇನ್ನೂ ಮುಂದೆ ಹೋದರು. ನಮ್ಮಿಂದ ಹೊರಗೆ ನೈತಿಕ ಮೌಲ್ಯ ಅನ್ನುವುದೇ ಇಲ್ಲ ಅಂದರು. ಆದರೆ ಇಷ್ಟಕ್ಕೇ ‘ಹಾಗಾದರೆ ಏನು ಮಾಡಿದರೂ ಸರಿ’ ಅನ್ನಲು ಆಗುವುದಿಲ್ಲ.

ತೊಗರಿ ಸುಗ್ಗಿಯಲ್ಲಿ ಗಂಜ್ ಮಾರುಕಟ್ಟೆಗೆ ಹೋಗಿ ನಿಂತು ನೋಡಿ. ಚೀಲ ಕಾಂಟಾ ಏರುತ್ತದೆ, ರೈತನ ಕಣ್ಣೆಲ್ಲ ಅಂಕಿಯ ಮೇಲೆ. ಈ ಕೆ.ಜಿ. ಆಕಾಶದಿಂದ ಬಿದ್ದದ್ದಲ್ಲ. ಪ್ಯಾರಿಸ್ ಹತ್ತಿರ ಜೋಪಾನವಾಗಿಟ್ಟ ಲೋಹದ ತುಂಡೊಂದು 1889ರಿಂದ 2019ರ ಮೇ ತನಕ ಜಗತ್ತಿಗೆಲ್ಲ ಕೆ.ಜಿ.ಯ ಅಳತೆಯಾಗಿತ್ತು. ಜನ ಕೂತು ಮಾಡಿಕೊಂಡ ಒಪ್ಪಂದ ಅದು. ಹಾಗಂತ ತೂಕದಲ್ಲಿ ಎರಡು ಕೆ.ಜಿ. ಹೊಡೆದರೆ ‘ನಿನ್ನ ಲೆಕ್ಕ ನಿನಗೆ, ನನ್ನ ಲೆಕ್ಕ ನನಗೆ’ ಅಂತ ರೈತ ಸುಮ್ನೆ ಹೋಗುತ್ತಾನಾ?

ಒಪ್ಪಂದವೊಂದೇ ಸಾಲದು, ನಿಜ. ಬೇರೆ ಗ್ಲಾಸನ್ನೂ ಊರು ಒಪ್ಪಿತ್ತು ಅಲ್ವಾ? ಆದರೆ ಊರು ಅಂದರೆ ಯಾರು? ಆ ಗ್ಲಾಸನ್ನೇ ಕಣ್ಣಮುಂದೆ ತಂದುಕೊಳ್ಳಿ. ಅದು ಇರುವುದು ಹೊರಗಿನ ಗೋಡೆಯ ಗೂಡಿನಲ್ಲಿ. ತಾನೇ ತೆಗೆದುಕೊಳ್ಳಬೇಕು, ಕುಡಿದು ತಾನೇ ತೊಳೆದಿಡಬೇಕು. ಚಹಾ ಮೇಲಿನಿಂದ ಸುರಿಯುತ್ತಾರೆ, ತಾಕದ ಹಾಗೆ. ದುಡ್ಡು ಮಾತ್ರ ಎಲ್ಲರಷ್ಟೇ. ಆ ಗ್ಲಾಸಿನಲ್ಲಿ ಕುಡಿಯುವವನ ಎದುರು ನಿಂತು, ಅವನೂ ತಲೆದೂಗುವಂಥ ಒಂದು ಕಾರಣ ಹೇಳಲು ಆಗುತ್ತಾ? ‘ಹಿಂದಿನಿಂದ ಬಂದದ್ದು’ ಅನ್ನುವುದು ಒಳಗೆ ಕೂತು ಕುಡಿಯುವವನಿಗೆ ಹಿತವಾದ ಕಾರಣ, ಅಷ್ಟೇ. ಯಾರೂ ನ್ಯಾಯವಾಗಿ ತಳ್ಳಿಹಾಕಲಾಗದ ನಿಯಮಗಳನ್ನೇ ಹುಡುಕಬೇಕು ಅಂತ ಅಮೆರಿಕದ ತತ್ವಜ್ಞಾನಿ ಟಿ.ಎಂ. ಸ್ಕ್ಯಾನ್ಲನ್ 1998ರಲ್ಲಿ ವಾದಿಸಿದರು. ನಾನು ಈ ದಾರಿಯನ್ನೇ ನಂಬುತ್ತೇನೆ. ಇಲ್ಲಿ ಬುನಾದಿ ಲೋಕದಾಚೆ ಬೇಕಿಲ್ಲ. ನೋವು ಹೊರುವವನಿಗೆ ನಾವು ಕೊಡುವ ಕಾರಣ ನಿಲ್ಲಬೇಕು.

ಗ್ಲಾಸು ಬೇರೆ ಇಟ್ಟವರಿಗೇನು ಬುನಾದಿ ಇರಲಿಲ್ಲವಾ? ಗಟ್ಟಿಯಾಗೇ ಇತ್ತು. ದೇವರು ಮಾಡಿದ್ದು ಅನ್ನುತ್ತಿದ್ದರು. 12ನೇ ಶತಮಾನದಲ್ಲಿ ಕಲ್ಯಾಣದ ಶರಣರೂ ದೇವರನ್ನು ನಂಬಿದವರೇ, ಆದರೆ ಹುಟ್ಟಿನ ಮೇಲು-ಕೀಳನ್ನು ಒಪ್ಪಲಿಲ್ಲ. ದೇವರು ಇಬ್ಬರ ಕಡೆಗೂ ಇದ್ದ. ಜಗಳ ಬಗೆಹರಿಯಲು ಕಾರಣಗಳೇ ಬೇಕಾಯಿತು.

‘ನಾನು ಯಾರಿಗೂ ಕಾರಣ ಹೇಳುವುದಿಲ್ಲ’ ಅನ್ನುವವನನ್ನು ವಾದದಿಂದ ಕಟ್ಟಿಹಾಕಲು ಆಗದು. ಆಕಾಶದಲ್ಲಿ ಬರೆದು ತೋರಿಸಿದರೂ ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನನ್ನನ್ನು ಕಾಡುವುದು ಬೇರೆ. ನೊಗ ಹೊತ್ತ ಎತ್ತು ಕಾರಣ ಕೇಳುವುದಿಲ್ಲ. ಅದರ ಹೆಗಲ ಮೇಲಿನ ಹುಣ್ಣು ನೋಡಿ ನಾವೇ ಅದರ ಪರವಾಗಿ ಕೇಳಬೇಕು. ಸ್ಕ್ಯಾನ್ಲನ್ ದಾರಿಯಲ್ಲಿ ಜಾಸ್ತಿ ತೊಡಕಿನ ಜಾಗ ಇದೇ. ಗೆಳೆಯ ಮತ್ತೆ ವಾದಕ್ಕೆ ಕೂತರೆ ಅಲ್ಲಿಂದ ಶುರುಮಾಡಲು ಹೇಳಿ. ‘ಅವರಿಗೆ ಅದು ಸರಿ’ ಅನ್ನುವುದಕ್ಕಿಂತ ಅದು ಗಟ್ಟಿ ಪ್ರಶ್ನೆ.