ಕೌಂಟ್ ಕಡಿಮೆ ಇದ್ದರೆ ಯಾವ ಕೋಡ್?

ಪ್ರಶ್ನೆ: ಬಿಎಸ್ಸಿ ಮುಗಿಸಿ ಇಲ್ಲೇ ಒಂದು ಕಂಪನಿಯಲ್ಲಿ ಮೆಡಿಕಲ್ ಕೋಡಿಂಗ್ (ಡಾಕ್ಟರ್ ಬರೆದ ರೋಗಕ್ಕೆ ಕೋಡ್ ಕೊಡುವ ಕೆಲಸ) ಮಾಡುತ್ತಿದ್ದೇನೆ. ಅಮೆರಿಕದ ಔಟ್‌ಪೇಷೆಂಟ್ (ಆಸ್ಪತ್ರೆಗೆ ದಾಖಲಾಗದ ರೋಗಿಗಳ) ಚಾರ್ಟ್‌ಗಳು. ಸ್ತನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವ ಮಹಿಳೆಯೊಬ್ಬರ ಬಿಳಿ ರಕ್ತಕಣ 2,800 ಇತ್ತು, ಅದರಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಶೇ. 30. ಡಾಕ್ಟರ್ 'ಲ್ಯೂಕೋಪೀನಿಯಾ' (ಬಿಳಿ ರಕ್ತಕಣ ಕಡಿಮೆ) ಎಂದಷ್ಟೇ ಬರೆದಿದ್ದರು. ನಾನು ಲೆಕ್ಕ ಹಾಕಿ, ಇದು ಕೀಮೋದಿಂದಾದ ನ್ಯೂಟ್ರೋಪೀನಿಯಾ ಎಂದು ಡಿ70.1 ಕೊಟ್ಟೆ. ಆಡಿಟರ್ ಅದನ್ನು ಡಿ72.819 ಮಾಡಿ ಅಂಕ ಕಳೆದರು. ನನ್ನ ಲೆಕ್ಕದಲ್ಲಿ ಏನು ತಪ್ಪಿದೆ ಮೇಡಂ?
– ಓದುಗ, ಬೊಮ್ಮನಹಳ್ಳಿ

ಉತ್ತರ: ಲೆಕ್ಕದಲ್ಲಿ ಏನೂ ತಪ್ಪಿಲ್ಲ. 2,800ರಲ್ಲಿ ಶೇ. 30 ಅಂದರೆ 840. ನ್ಯೂಟ್ರೋಫಿಲ್ 1,500ಕ್ಕಿಂತ ಕಡಿಮೆಯಾದರೆ ನ್ಯೂಟ್ರೋಪೀನಿಯಾ ಎನ್ನುತ್ತಾರೆ, 500ಕ್ಕಿಂತ ಇಳಿದರೆ ತೀವ್ರ ಎನ್ನುತ್ತಾರೆ. ಆದರೂ ಆಡಿಟರ್ ಮಾಡಿದ್ದೇ ಸರಿ. ರೋಗ ಯಾವುದು ಎಂದು ಹೇಳಬೇಕಾದವರು ಡಾಕ್ಟರ್. ಲ್ಯಾಬ್ ರಿಪೋರ್ಟ್ ನೋಡಿ ನಾವು ರೋಗದ ಹೆಸರು ಇಡುವ ಹಾಗಿಲ್ಲ. ಬರೀ ಲ್ಯೂಕೋಪೀನಿಯಾ ಎಂದಿದ್ದರೆ ಕೋಡ್ ಪುಸ್ತಕದ ಇಂಡೆಕ್ಸ್ ನಮ್ಮನ್ನು ಡಿ72.819ಕ್ಕೇ ಕರೆದುಕೊಂಡು ಹೋಗುತ್ತದೆ.

ಈಗ ನೀವು ಗಮನಿಸದೇ ಇರುವ ಒಂದು ವಿಷಯ. ಅದೇ ಇಂಡೆಕ್ಸ್‌ನಲ್ಲಿ ಲ್ಯೂಕೋಪೀನಿಯಾ ಕೆಳಗಿನ ಸಾಲುಗಳನ್ನು ಓದಿ. ಕೀಮೋದಿಂದಾದ ಲ್ಯೂಕೋಪೀನಿಯಾಗೆ ಅಲ್ಲಿ ಕೊಟ್ಟಿರುವುದು ಡಿ70.1. ಅಂದರೆ ಡಾಕ್ಟರ್ ನ್ಯೂಟ್ರೋಪೀನಿಯಾ ಎಂದು ಬರೆಯಲೇಬೇಕಿಲ್ಲ, ಕೀಮೋದಿಂದ ಆಗಿದೆ ಎಂದು ಬರೆದಿದ್ದರೆ ಸಾಕಿತ್ತು. ನಿಮ್ಮ ಚಾರ್ಟ್‌ನಲ್ಲಿ ಇಲ್ಲದ್ದು ಆ ಕಾರಣ. ಹೊಸಬರು ಮೊದಲ ಸಾಲಿಗೇ ನಿಂತುಬಿಡುತ್ತಾರೆ, ಪಾಠ ಹೇಳುವಾಗ ಇದನ್ನು ದಿನಾ ನೋಡುತ್ತೇನೆ.

ಕೀಮೋ ನಡೀತಿದೆ, ಕೌಂಟ್ ಇಳಿದಿದೆ, ಮತ್ತೆ ಇನ್ನೇನು ಕಾರಣ ಇರುತ್ತೆ ಅಂತ ನೀವು ಕೇಳಬಹುದು. ಇರುತ್ತದೆ. ವೈರಲ್ ಜ್ವರ ಇರಬಹುದು, ಬೇರೆ ಔಷಧಿ ಇರಬಹುದು, ಬಿ12 ಕೊರತೆ ಇರಬಹುದು, ಕ್ಯಾನ್ಸರ್ ಮೂಳೆಮಜ್ಜೆಗೆ ಹರಡಿರಲೂಬಹುದು. ನಮ್ಮ ಚಿಕ್ಕಮ್ಮನಿಗೆ ಕೀಮೋ ನಡೆಯುತ್ತಿದ್ದಾಗ ಪ್ರತಿ ಸಲ ಮೊದಲು ಕೌಂಟ್ ನೋಡುತ್ತಿದ್ದರು. 'ಕೌಂಟ್ ಬಂದಿಲ್ಲ, ಮುಂದಿನ ವಾರ ಬನ್ನಿ' ಅಂದರೆ ಅವರ ಮುಖ ಬಾಡಿಹೋಗುತ್ತಿತ್ತು. ಕೌಂಟ್ ಯಾಕೆ ಇಳಿದಿದೆ ಎನ್ನುವುದರ ಮೇಲೆ ಮುಂದಿನ ಡೋಸ್ ನಿಂತಿರುತ್ತದೆ. ನೀವು ಹಾಕಿದ ಕೋಡ್ ಬಿಲ್ ಜೊತೆ ಹೋಗಿ ಮುಗಿಯುವುದಿಲ್ಲ, ಆ ಹೆಂಗಸಿನ ದಾಖಲೆಯಲ್ಲಿ ಉಳಿಯುತ್ತದೆ. ಊಹೆಯನ್ನು ಅಲ್ಲಿ ಬರೆಯುವುದು ಬೇಡ.

ಹಾಗಾದರೆ ಏನು ಮಾಡಬೇಕಿತ್ತು? ಡಾಕ್ಟರ್‌ಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳಿಸಬೇಕಿತ್ತು. ಆದರೆ 'ಇದು ಕೀಮೋದಿಂದಾದ ನ್ಯೂಟ್ರೋಪೀನಿಯಾ ಅಲ್ವಾ?' ಎಂದು ಕೇಳಬಾರದು. ಉತ್ತರವನ್ನು ನಾವೇ ಬಾಯಿಗೆ ಇಟ್ಟಂತಾಗುತ್ತದೆ. ಬಿಳಿ ಕಣ ಇಷ್ಟು, ನ್ಯೂಟ್ರೋಫಿಲ್ ಇಷ್ಟು, ಕೊನೆಯ ಕೀಮೋ ಇಂಥ ದಿನ ಎಂದು ಚಾರ್ಟ್‌ನಲ್ಲಿ ಇರುವುದನ್ನಷ್ಟೇ ಬರೆಯಿರಿ. ಆಮೇಲೆ ರೋಗನಿರ್ಣಯ ಮತ್ತು ಕಾರಣ ಸ್ಪಷ್ಟಪಡಿಸಿ ಎಂದು ಕೇಳಿ. ಆಯ್ಕೆ ಕೊಡುವುದಾದರೆ 'ಬೇರೆ' ಮತ್ತು 'ಹೇಳಲಾಗದು' ಎಂಬ ಎರಡೂ ಇರಲಿ. ಉತ್ತರದಲ್ಲಿ 'ಕೀಮೋದಿಂದ ಇರಬಹುದು' ಎಂದು ಬಂದರೂ ಔಟ್‌ಪೇಷೆಂಟ್ ಚಾರ್ಟ್‌ನಲ್ಲಿ ಅದು ನಡೆಯುವುದಿಲ್ಲ. ಖಚಿತವಾಗಿ ಹೇಳಿರಬೇಕು.

ಡಾಕ್ಟರ್ ಕೀಮೋದಿಂದಲೇ ಎಂದರೆ ಡಿ70.1 ಜೊತೆಗೆ ಟಿ45.1ಎಕ್ಸ್5ಎ (ಕೀಮೋ ಔಷಧಿಯ ಅಡ್ಡಪರಿಣಾಮದ ಕೋಡ್), ಕ್ಯಾನ್ಸರ್‌ನ ಕೋಡ್, ನ್ಯೂಟ್ರೋಪೀನಿಯಾ ಜೊತೆ ಜ್ವರವೂ ಇದ್ದರೆ ಆರ್50.81. ಇನ್ನು, ಲ್ಯೂಕೋಪೀನಿಯಾ ಮತ್ತು ನ್ಯೂಟ್ರೋಪೀನಿಯಾ ಎರಡನ್ನೂ ಬರೆದಿದ್ದರೆ ಡಿ72.819 ಸೇರಿಸಬೇಡಿ. ಡಿ72ರ ಕೆಳಗಿನ ಎಕ್ಸ್‌ಕ್ಲೂಡ್ಸ್ 1 ಟಿಪ್ಪಣಿಯಲ್ಲಿ ನ್ಯೂಟ್ರೋಪೀನಿಯಾ ಇದೆ, ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ.

ಒಂದು ಚಾರ್ಟ್‌ನ ಅಂಕಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಲ್ಯಾಬ್ ರಿಪೋರ್ಟ್ ತೆರೆದು ಲೆಕ್ಕ ಹಾಕಿದಿರಲ್ಲ, ಅದು ಎಲ್ಲರೂ ಮಾಡುವ ಕೆಲಸವಲ್ಲ. ಆ ಅಭ್ಯಾಸ ಬಿಡಬೇಡಿ. ಕ್ವೆರಿ ಹುಟ್ಟುವುದೇ ಅಲ್ಲಿಂದ.

ಪ್ರಶ್ನೆ: ಮಗನಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದ. ಈಗ ಹುಷಾರಾಗಿದ್ದಾನೆ. ಇನ್ಶೂರೆನ್ಸ್ ಕಾಗದದಲ್ಲಿ ಡಿ70 ಎಂದಿದೆ. 'ಡಿ' ಅಂದರೆ ರಕ್ತದ ಕ್ಯಾನ್ಸರ್ ಎಂದು ಪಕ್ಕದ ಮನೆಯವರು ಹೇಳಿದರು. ನಿದ್ದೆ ಬರುತ್ತಿಲ್ಲ.
– ತಾಯಿ, ಯಲಹಂಕ

ಉತ್ತರ: ಇಲ್ಲಮ್ಮ, ಡಿ70 ಕ್ಯಾನ್ಸರ್ ಕೋಡ್ ಅಲ್ಲ. ಡಿ50ರಿಂದ ಡಿ89ರವರೆಗೆ ರಕ್ತ ಮತ್ತು ರೋಗನಿರೋಧಕ ಶಕ್ತಿಯ ತೊಂದರೆಗಳು. ರಕ್ತಹೀನತೆಯೂ ಅಲ್ಲೇ ಬರುತ್ತದೆ. ಲ್ಯುಕೇಮಿಯಾದಂಥ ರಕ್ತದ ಕ್ಯಾನ್ಸರ್‌ಗಳ ಕೋಡ್ ಶುರುವಾಗುವುದು 'ಸಿ'ಯಿಂದ. ಡೆಂಗಿಯಲ್ಲಿ ಬಿಳಿ ರಕ್ತಕಣ ಇಳಿಯುವುದು ಸಾಮಾನ್ಯ, ಆಸ್ಪತ್ರೆಯವರು ಅದನ್ನೇ ಬರೆದಿರುತ್ತಾರೆ. ಅದೇ ಕಾಗದದಲ್ಲಿ ಡೆಂಗಿಯ ಕೋಡ್ ಇದೆಯಾ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಗಳ ಕೋಡ್ ಪಟ್ಟಿಯ ಹಳೆಯ ಆವೃತ್ತಿಯಲ್ಲಿ ಎ90, ಅದರ ಈಚಿನ ಆವೃತ್ತಿಯಲ್ಲಿ ಎ97. ಅದು ಇಲ್ಲದಿದ್ದರೆ ಡಿಸ್ಚಾರ್ಜ್ ಸಮ್ಮರಿ ಹಿಡಿದು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ಗೆ ಹೋಗಿ ಸೇರಿಸಿಕೊಡಿ ಎಂದು ಕೇಳಿ. ಡಾಕ್ಟರ್ ಮತ್ತೆ ರಕ್ತ ಪರೀಕ್ಷೆಗೆ ಬರಹೇಳಿದ್ದರೆ ತಪ್ಪಿಸಬೇಡಿ. ಕೌಂಟ್ ಮೇಲೆ ಬಂದಿದೆಯಾ ಎಂದು ಅವರ ಬಾಯಿಂದಲೇ ಕೇಳಿಕೊಳ್ಳಿ.