ಟಿಎಸ್‌ಎಚ್ 8.4 ಬಂದಿದೆ, ಥೈರಾಯ್ಡ್ ಮಾತ್ರೆ 75ರಿಂದ 100ಕ್ಕೆ ಏರಿಸಬೇಕೇ?

ಈಗಲೇ ಬೇಡ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್; ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಷ್ಟೂ ಅದು ಏರುತ್ತದೆ. ನೀವು ಬರೆದಿರುವುದರಲ್ಲೇ ಕಾರಣ ಕಾಣಿಸುತ್ತಿದೆ. ಡೊಂಬಿವಲಿಯಲ್ಲಿ ಮುಂಬಯಿ ಲೋಕಲ್ ರೈಲು ಹಿಡಿಯುವ ಅವಸರಕ್ಕೆ ಮಾತ್ರೆ ನುಂಗಿ ಹತ್ತೇ ನಿಮಿಷಕ್ಕೆ ಚಹಾ, ಅರ್ಧ ಗಂಟೆಗೆ ಉಪ್ಪಿಟ್ಟು. ರಕ್ತ ಕಡಿಮೆಯೆಂದು ಮೂರು ತಿಂಗಳಿಂದ ತಿಂಡಿಯ ಬೆನ್ನಿಗೇ ಕಬ್ಬಿಣದ ಮಾತ್ರೆ. ಕೂದಲು ಉದುರುತ್ತದೆಂದು ಬಯೋಟಿನ್ (ಒಂದು ಬಿ ವಿಟಮಿನ್) ಬೇರೆ. 75 ಮೈಕ್ರೋಗ್ರಾಂನಲ್ಲಿ 2.9 ಇದ್ದ ಟಿಎಸ್‌ಎಚ್ ಏರಿದ್ದೂ ಇದೇ ಮೂರು ತಿಂಗಳಲ್ಲಿ.

ಕಬ್ಬಿಣವೂ ಲೆವೊಥೈರಾಕ್ಸಿನ್ನೂ (ಥೈರಾಯ್ಡ್ ಮಾತ್ರೆಯಲ್ಲಿರುವ ಮದ್ದು) ಹೊಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಮದ್ದನ್ನು ಕರುಳು ಹೀರಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯದೂ ಇದೇ ಕಥೆ. ಇವಕ್ಕೂ ಥೈರಾಯ್ಡ್ ಮಾತ್ರೆಗೂ ಕನಿಷ್ಠ 4 ಗಂಟೆ ಅಂತರ ಬೇಕು. ಅಂದರೆ ನೀವು ನುಂಗುವುದು 75 ಆದರೂ ಮೈಗೆ ಸೇರುತ್ತಿರುವುದು ಅದಕ್ಕಿಂತ ಕಡಿಮೆ. ಮೆಡಿಕಲ್‌ನವರು ಹೇಳಿದಂತೆ 100 ತಗೊಂಡರೆ ಟಿಎಸ್‌ಎಚ್ ಇಳಿಯಬಹುದು, ಸುಳ್ಳಲ್ಲ. ಆದರೆ ಕಬ್ಬಿಣದ ಕೋರ್ಸ್ ಮುಗಿದ ಮೇಲೆ ಆ 100 ಪೂರ್ತಿ ಮೈಗೆ ಸೇರತೊಡಗುತ್ತದೆ. ಆಗ ಎದೆ ಡವಡವ, ಕೈ ನಡುಕ, ನಿದ್ರೆ ಬಾರದಿರುವುದು ಶುರುವಾಗಬಹುದು. ಟಿಎಸ್‌ಎಚ್ ವರ್ಷಗಟ್ಟಲೆ 0.1ಕ್ಕಿಂತ ಕೆಳಗೇ ಉಳಿದರೆ ಮುಟ್ಟು ನಿಂತ ಹೆಂಗಸರಿಗೆ ಮೂಳೆ ಸವೆಯುವ, ವಯಸ್ಸಾದವರಿಗೆ ಹೃದಯದ ಲಯ ತಪ್ಪುವ ಅಪಾಯ ಹೆಚ್ಚು. ನನಗೆ ಹೆದರಿಕೆ ಇರುವುದು ಇದರದ್ದೇ.

ಡೋಸ್ ಮುಟ್ಟದೆ ಮೊದಲು ದಿನಚರಿ ಬದಲಿಸಿ. ಮಾತ್ರೆ, ನೀರು ಹಾಸಿಗೆ ಪಕ್ಕದಲ್ಲೇ ಇರಲಿ; ಅಲಾರಂ ಹೊಡೆದ ಕೂಡಲೇ ಬರೀ ನೀರಲ್ಲಿ ನುಂಗಿ. ಸ್ನಾನ, ಡಬ್ಬಿ ಕಟ್ಟುವುದು ಎಲ್ಲ ಮುಗಿಸಿ ಹೊರಡುವ ಮುಂಚೆ ಚಹಾ, ತಿಂಡಿ. ಒಂದು ಗಂಟೆ ಅಂತರ ಸಿಕ್ಕರೆ ಒಳ್ಳೆಯದು, ಅರ್ಧ ಗಂಟೆಗಿಂತ ಕಡಿಮೆ ಬೇಡ. ಕಬ್ಬಿಣದ ಮಾತ್ರೆ ರಾತ್ರಿ ಊಟದ ನಂತರಕ್ಕೆ ಹೋಗಲಿ. ಥೈರಾಯ್ಡ್ ಮಾತ್ರೆಯನ್ನೇ ರಾತ್ರಿಗೆ ಹಾಕುವ ದಾರಿಯೂ ಇದೆ, ಆದರೆ ಊಟವಾಗಿ 3 ಗಂಟೆ ಕಳೆದಿರಬೇಕು. ಒಂಬತ್ತಕ್ಕೆ ಮನೆ ಸೇರಿ ಹತ್ತಕ್ಕೆ ಉಣ್ಣುವವರಿಗೆ ಅದು ಆಗದ ಮಾತು. ಗ್ಯಾಸ್ಟ್ರಿಕ್‌ಗೆಂದು ದಿನಾ ಪ್ಯಾಂಟೊಪ್ರಜೋಲ್ ತಗೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಮಾತ್ರೆ ಸರಿಯಾಗಿ ಕರಗುವುದಿಲ್ಲ. ಬಾಟಲಿಯನ್ನು ಅಡುಗೆಮನೆ, ಬಾತ್‌ರೂಮಿನ ಶೆಲ್ಫಿನಲ್ಲಿ ಇಡಬೇಡಿ. ಮುಂಬಯಿ ಮಳೆಗಾಲದ ತೇವಕ್ಕೆ ಈ ಮಾತ್ರೆ ಬೇಗ ಕೆಡುತ್ತದೆ.

ಹೀಗೆ 6ರಿಂದ 8 ವಾರ ನಡೆಸಿ ಮತ್ತೆ ಟೆಸ್ಟ್ ಮಾಡಿಸಿ. ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಹಾಗಾಗಿ ಅದರ ಮಟ್ಟ ಒಂದು ಹದಕ್ಕೆ ಬರಲು ಐದಾರು ವಾರ ಹಿಡಿಯುತ್ತದೆ. ಟಿಎಸ್‌ಎಚ್ ಅದರ ಹಿಂದೆ ನಿಧಾನಕ್ಕೆ ಇಳಿಯುತ್ತದೆ. ಎರಡೇ ವಾರಕ್ಕೆ ಟೆಸ್ಟ್ ಮಾಡಿಸಿದರೆ ಅರ್ಧ ದಾರಿಯ ಸಂಖ್ಯೆ ಸಿಗುತ್ತದೆ, ಅದನ್ನು ನಂಬಿ ಡೋಸ್ ಏರಿಸಿದವರು ಆಮೇಲೆ ಇಳಿಸುತ್ತಾ ಕೂರುತ್ತಾರೆ.

ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ, ಇಲ್ಲದಿದ್ದರೆ ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಳತೆ) ಕೆಲವು ಗಂಟೆ ಏರಿರುತ್ತದೆ. ಲ್ಯಾಬೂ ಅದೇ, ಹೊತ್ತೂ ಅದೇ ಇರಲಿ: ಟಿಎಸ್‌ಎಚ್ ಬೆಳಗಿನ ಜಾವಕ್ಕೆ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಬಯೋಟಿನ್ ಕನಿಷ್ಠ 3 ದಿನ ಮೊದಲೇ ನಿಲ್ಲಿಸಿ. ಕೂದಲಿನ ಮಾತ್ರೆಗಳಲ್ಲಿರುವ 5, 10 ಮಿಲಿಗ್ರಾಂ ಬಯೋಟಿನ್ ಹಲವು ಟೆಸ್ಟ್ ಕಿಟ್‌ಗಳನ್ನು ದಾರಿ ತಪ್ಪಿಸುತ್ತದೆ: ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ, ಟಿ4 ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಹಾಗಾಗಿ ನಿಮ್ಮ ಟಿಎಸ್‌ಎಚ್ ನಿಜಕ್ಕೂ 8.4ಕ್ಕಿಂತ ಹೆಚ್ಚಿರಬಹುದು. ನಾರ್ಮಲ್ ಬಂದ ಫ್ರೀ ಟಿ4 ಕೂಡ ಪೂರ್ತಿ ನಂಬುವಂಥದ್ದಲ್ಲ.

ಸುಸ್ತು, ಕೂದಲು ಉದುರುವುದು ಎರಡೂ ರಕ್ತಹೀನತೆಯಿಂದಲೂ ಬರುತ್ತವೆ, ನಿಮಗೆ ಅದು ಇದ್ದೇ ಇದೆ. ಹಿಮೊಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12 ಜೊತೆಗೇ ನೋಡಿಸಿ. ಟಿಎಸ್‌ಎಚ್ 1–2.5ರಲ್ಲಿ ಬಂದೂ ಸುಸ್ತು ಹೋಗದಿದ್ದರೆ ಥೈರಾಯ್ಡ್ ಡೋಸ್ ಏರಿಸಿ ಪ್ರಯೋಜನವಿಲ್ಲ, ಕಾರಣ ಬೇರೆಡೆ ಹುಡುಕಬೇಕು. ಎಲ್ಲ ಸರಿ ಮಾಡಿಯೂ ಟಿಎಸ್‌ಎಚ್ 5ರ ಮೇಲೇ ಇದ್ದರೆ ಡಾಕ್ಟರನ್ನು ಕೇಳಿ ಏರಿಸಿ. ಒಂದು ಸಲಕ್ಕೆ 12.5ರಿಂದ 25 ಮೈಕ್ರೋಗ್ರಾಂ ಸಾಕು. 88ರ ಮಾತ್ರೆ ಸಿಗುತ್ತದೆ, ನೇರ 100ಕ್ಕೆ ಹಾರಲೇಬೇಕೆಂದಿಲ್ಲ.

ಮುಟ್ಟು ತಪ್ಪಿದ್ದರೆ ಮಾತ್ರ ಈ 6 ವಾರದ ಲೆಕ್ಕ ಬಿಡಿ. ಗರ್ಭ ನಿಂತಿದ್ದರೆ ಈ ಮದ್ದು ಶುರುವಿನಿಂದಲೇ ಕಾಲು ಭಾಗದಷ್ಟು ಹೆಚ್ಚು ಬೇಕಾಗುತ್ತದೆ. ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿ, ಎರಡು ಗೆರೆ ಬಂದರೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ.