ಕೆಲವರು ಮನೆಪಾಠ ಹೇಳುವುದನ್ನೇ ವೃತ್ತಿಯಾಗಿ ಆರಿಸಿಕೊಳ್ಳುವುದೇಕೆ?

ವಿದ್ಯಾರ್ಥಿ ಎಲ್ಲಿ ಎಡವುತ್ತಿದ್ದಾನೆ ಎಂಬುದನ್ನು ಕಣ್ಣಾರೆ ಕಂಡು, ಆ ಕ್ಷಣದಲ್ಲೇ ಅದನ್ನು ತಿದ್ದುವ ಅವಕಾಶ ಮನೆಪಾಠದಲ್ಲಿ ಸಿಗುತ್ತದೆ ಎಂಬುದೇ ಮುಖ್ಯ ಕಾರಣ. ಆದಾಯ ಮತ್ತು ಸಮಯದ ಅನುಕೂಲವೂ ಕಾರಣಗಳೇ, ಅದರಲ್ಲೂ ಇನ್ನೂ ಓದುತ್ತಿರುವವರಿಗೆ ಹಾಗೂ ನಿವೃತ್ತರಿಗೆ. ಆದರೆ ಬಂದವರು ಅಲ್ಲಿಯೇ ನೆಲೆನಿಲ್ಲುವುದು ಬಹುಮಟ್ಟಿಗೆ ಮೊದಲ ಕಾರಣಕ್ಕಾಗಿ ಎಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ನೋಡಿ. 1/2 ಮತ್ತು 1/3 ಕೂಡಿಸಿದರೆ 2/5 ಎಂದು ಬರೆಯುವ ಮಗು ಅಜಾಗರೂಕತೆಯಿಂದ ತಪ್ಪಿರುವುದಿಲ್ಲ. ಗೆರೆಯ ಮೇಲಿನ ಹಾಗೂ ಕೆಳಗಿನ ಅಂಕಿಗಳನ್ನು ಎರಡು ಬೇರೆ ಸಂಖ್ಯೆಗಳೆಂದು ತಿಳಿದಿರುತ್ತದೆ. ತುಂಬಿದ ತರಗತಿಯಲ್ಲಿ ಇಂಥ ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ, ಪಾಠ ಮುಂದೆ ಸಾಗುತ್ತದೆ. ಪಕ್ಕದಲ್ಲೇ ಕುಳಿತು ಮನೆಪಾಠ ಹೇಳುವವರಾದರೋ, "ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ?" ಎಂದು ಕೇಳಿ ಸುಮ್ಮನಿರಬಲ್ಲರು, ಮಗು ತನ್ನ ಉತ್ತರವನ್ನೇ ಮತ್ತೆ ದಿಟ್ಟಿಸಿ, ರಬ್ಬರಿಗೆ ಕೈಚಾಚುತ್ತದೆ. ಬೋಧಿಸುವವರಿಗೆ ತಮ್ಮ ಶ್ರಮದ ಫಲ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಕಾಣುವ ಸಂದರ್ಭಗಳು ವಿರಳ.

ಪ್ರತ್ಯೇಕವಾಗಿ ಪಾಠ ಹೇಳಿಸಿಕೊಂಡ ಸರಾಸರಿ ವಿದ್ಯಾರ್ಥಿಯು ಸಾಮಾನ್ಯ ತರಗತಿಯ ಶೇ 98ರಷ್ಟು ವಿದ್ಯಾರ್ಥಿಗಳಿಗಿಂತ ಮುಂದಿದ್ದನೆಂದು ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ನಂತರದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಅಷ್ಟು ದೊಡ್ಡ ಅಂತರ ಕಂಡುಬಂದಿಲ್ಲವಾದರೂ, ಪ್ರಯೋಜನವಿದೆ ಎಂಬುದು ಮತ್ತೆ ಮತ್ತೆ ದೃಢಪಟ್ಟಿದೆ.

ಇದಲ್ಲದೆ, ಇನ್ನೊಬ್ಬರಿಗೆ ವಿವರಿಸಲು ಹೊರಟಾಗ ತಮಗೇ ಅರೆಬರೆ ತಿಳಿದಿದ್ದ ಅಂಶಗಳು ಹೊರಬೀಳುವುದರಿಂದ, ವಿಷಯದ ಮೇಲೆ ಪ್ರೀತಿಯುಳ್ಳವರು ತಮ್ಮ ಕಲಿಕೆಗಾಗಿಯೂ ಈ ಕೆಲಸವನ್ನು ಒಪ್ಪಿಕೊಳ್ಳುತ್ತಾರೆ.